ಹಸಿ ಮರದ ಗೋಪುರ

ಶೆಫೀಲ್ಡಿನಲ್ಲಿ ಮೂರು ತಿಂಗಳು ಆನ್‌ಸೈಟ್ ಇದ್ದಾಗ, ಒಂದು ಶನಿವಾರ ರೂಮಿನಲ್ಲಿ ಕೂತು ಬೇಜಾರಾಗಿ ಚೆಸ್ಟರ್‌ಫೀಲ್ಡಿಗೆ ಹೋದೆ. ಡರ್ಬಿಶೈರಿನ ಸಂತೆ ಊರು, ರೈಲಿನಲ್ಲಿ ಕಾಲು ಗಂಟೆ ದಾರಿ. ರೈಲು ಇನ್ನೂ ನಿಂತಿರಲಿಲ್ಲ, ಕಿಟಕಿಯಲ್ಲಿ ಚರ್ಚಿನ ಗೋಪುರ ಕಾಣಿಸಿತು. ಒದ್ದೆ ಬಟ್ಟೆ ಹಿಂಡಿದವರು ಬಿಚ್ಚೋದು ಮರೆತು ಹಾಗೇ ನಿಲ್ಲಿಸಿ ಹೋದಂತಿತ್ತು.

ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್. ಕೆಥೆಡ್ರಲ್ ಏನಲ್ಲ, ಊರಿನವರ ಆಂಗ್ಲಿಕನ್ ಪ್ಯಾರಿಷ್ ಚರ್ಚು. ಕಲ್ಲಿನ ಟವರ್ ಮೇಲೆ ಮರದ ಚೂಪು ಗೋಪುರ, ಅದಕ್ಕೆ ಸೀಸದ ಹೊದಿಕೆ. ನೆಲದಿಂದ ತುದಿಗೆ 228 ಅಡಿ. ಹದಿನಾಲ್ಕನೇ ಶತಮಾನದ್ದು, ಹಂಪಿ ಕಡೆ ವಿಜಯನಗರ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ತುದಿ ಮುಟ್ಟುವಷ್ಟರಲ್ಲಿ 45 ಡಿಗ್ರಿ ತಿರುಚಿಕೊಂಡು, ಇರಬೇಕಾದ ಜಾಗದಿಂದ 9 ಅಡಿಗೂ ಹೆಚ್ಚು ವಾಲಿದೆ.

ಇಂಥದ್ದು ಇದ್ದ ಮೇಲೆ ಕಥೆ ಹುಟ್ಟದೇ ಇರುತ್ತಾ? ಕಮ್ಮಾರನೊಬ್ಬ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ತಪ್ಪಾಗಿ ಇಳಿದು, ಅವನು ನೋವಿಗೆ ಎಗರಿ ಗೋಪುರ ಒದ್ದನಂತೆ. ಇನ್ನೊಂದು ಕಥೆಯಲ್ಲಿ, ಕನ್ಯೆಯೊಬ್ಬಳು ಇಲ್ಲಿ ಮದುವೆಯಾಗೋಕೆ ಬಂದಳು ಅಂತ ಗೋಪುರವೇ ಆಶ್ಚರ್ಯದಿಂದ ತಿರುಗಿ ನೋಡಿತಂತೆ. ತಮ್ಮೂರಿನ ಹೆಣ್ಣುಮಕ್ಕಳ ಮೇಲೇ ಈ ಜೋಕು ಕಟ್ಟಿಕೊಂಡವರು ಖಂಡಿತ ಗಂಡಸರೇ ಇರಬೇಕು. ಊರಿನ ಫುಟ್ಬಾಲ್ ತಂಡಕ್ಕೂ ಇದೇ ಗೋಪುರದಿಂದ ಸ್ಪೈರೈಟ್ಸ್ ಅನ್ನೋ ಅಡ್ಡಹೆಸರು ಬಂದಿದೆ.

ಒಳಗೆ ತಂಪಾಗಿತ್ತು. ಸುಮ್ಮನೆ ಬೆಂಚಿನ ಮೇಲೆ ಕೂತೆ. ಬಾಗಿಲ ಹತ್ತಿರ ವಯಸ್ಸಾದ ಹೆಂಗಸೊಬ್ಬರು ಮೇಣದಬತ್ತಿ ಜೋಡಿಸುತ್ತಿದ್ದರು. ಹೊರಗೆ ಸಂತೆಯ ಸದ್ದು. 1961ರಲ್ಲಿ ಒಳಗೆ ಬೆಂಕಿ ಬಿದ್ದು ಹಳೇ ಆರ್ಗನ್ ಸುಟ್ಟುಹೋಯಿತಂತೆ. ಗೋಪುರ ಉಳಿಯಿತು.

ಹೊರಗೆ ಬಂದು ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನು ಬಂತು.

"ಹಸೀ ಮರ ಹಾಕವ್ರೆ ಕಣ್ಲಾ. ಬಿಸ್ಲು ಒಂದೇ ಮಗ್ಗುಲಿಗೆ ಹೊಡ್ದದೆ."

ನಾನು ಓದಿಕೊಂಡು ಹೋಗಿದ್ದೂ ಹೆಚ್ಚುಕಮ್ಮಿ ಅದೇ. ಒಣಗಿಸದ ಮರ, ಅಡ್ಡಪಟ್ಟಿಗಳು ಸಾಲದ ಚೌಕಟ್ಟು, ಮೇಲೆ ಸುಮಾರು 33 ಟನ್ ಸೀಸ. ದಕ್ಷಿಣದ ಬಿಸಿಲಿಗೆ ಆ ಬದಿಯ ಸೀಸ ಹೆಚ್ಚು ಹಿಗ್ಗುತ್ತೆ. 1349ರ ಹೊತ್ತಿಗೆ ಪ್ಲೇಗಿನಲ್ಲಿ ಅನುಭವಸ್ಥ ಬಡಗಿಗಳು ಸತ್ತುಹೋಗಿದ್ದರು ಅಂತಲೂ ಕೆಲವರು ಹೇಳುತ್ತಾರೆ. ಬಿಇ ಮಾಡಿದ ನನಗೆ ಇಷ್ಟು ಗೊತ್ತಾಗೋಕೆ ಅರ್ಧ ದಿನ ಬೇಕಾಯ್ತು, ಅಪ್ಪನಿಗೆ ಒಂದು ಫೋಟೋ ಸಾಕಾಯ್ತು.

"ಕೆಡವ್ಲಿಲ್ವಾ ಅದ್ನ?"

"ಇಲ್ಲಪ್ಪ. ರಿಪೇರಿ ಮಾಡ್ಕೊಂಡು ಇಟ್ಕೊಂಡವ್ರೆ."

ಅಪ್ಪ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಇಬ್ಬರ ತಲೆಯಲ್ಲೂ ಇದ್ದದ್ದು ನಮ್ಮೂರ ಆಂಜನೇಯನ ಗುಡಿ.

ನಾಡಹೆಂಚಿನ ಗುಡಿ ಅದು. ಎಡಗಡೆಯ ಮರದ ಕಂಬ ನಾನು ಹುಟ್ಟೋಕೆ ಮುಂಚೆಯೇ ವಾಲಿತ್ತು. ಪರೀಕ್ಷೆಗೆ ಹೋಗುವಾಗ ಅದಕ್ಕೆ ಒರಗಿ ನಿಂತು ಕೈ ಮುಗೀತಿದ್ದೆವು. ನಾಲ್ಕು ವರ್ಷದ ಹಿಂದೆ ಜೀರ್ಣೋದ್ಧಾರದ ಮಾತು ಬಂದಾಗ ಊರ ಗ್ರೂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಬರೆದವನು ನಾನು. ಸ್ಟ್ರಕ್ಚರ್ ಸೇಫ್ ಇಲ್ಲ, ಆರ್‌ಸಿಸಿ ಮಾಡಿ ಅಂತ. ಇಪ್ಪತ್ತೈದು ಸಾವಿರ ಕಳಿಸಿದೆ. ಅಪ್ಪ ಸಭೆಯಲ್ಲಿ, ಕಂಬಕ್ಕೆ ಒಂದು ಊರೆ ಕೊಟ್ಟರೆ ಸಾಕು ಅಂದಿದ್ದರಂತೆ. "ನಿನ್ ಮಗ ಇಂಜಿನಿಯರ್ರು, ಅವ್ನೇ ಹೇಳವ್ನೆ" ಅಂತ ಬಾಯಿ ಮುಚ್ಚಿಸಿದರು. ಈಗ ಅಲ್ಲಿ ಟೈಲ್ಸಿದೆ, ಗ್ರಾನೈಟಿನಲ್ಲಿ ನನ್ನ ಹೆಸರಿದೆ. ಮಳೆಗಾಲದಲ್ಲಿ ಸ್ಲ್ಯಾಬು ಸೋರುತ್ತೆ.

"ಆ ಕಂಬ ಏನಾಯ್ತಪ್ಪ?" ಅಂದೆ. ನಾಲ್ಕು ವರ್ಷದಲ್ಲಿ ಕೇಳಿದ್ದು ಅದೇ ಮೊದಲು.

"ಸೌದೆಗೆ ಹಾಕ್ತೀವಿ ಅಂದ್ರು. ನಾನೇ ತಂದು ಕೊಟ್ಗೆ ಹಿಂದೆ ಮಲಗ್ಸಿವ್ನಿ. ಮಳೇಲಿ ನೆನೀತಾ ಅದೆ, ಒಬ್ನೇ ಎತ್ತಕ್ಕಾಗಲ್ಲ. ಬಂದಾಗ ಒಂದ್ ಕೈ ಹಾಕು."