ಯಂತ್ರದ ಗಣಿತವೂ ದಾಸೋಹದ ಲೆಕ್ಕವೂ

ಮಗ್ಗಿ ಬಾಯಿಪಾಠವಾದವನು ಏಳೆಂಟಲೆ ಎಷ್ಟೆಂದು ಬೆರಳು ಮಡಿಚಿ ಎಣಿಸುವುದಿಲ್ಲ. ಹಿಂದಿನವರು ಎಣಿಸಿಟ್ಟುದನ್ನು ನಂಬಿ ಐವತ್ತಾರು ಎಂದುಬಿಡುತ್ತಾನೆ. ಇಂದಿನ ಕಂಪ್ಯೂಟರ್ ಭಾಷೆಗಳೂ ಇಂತಹ ಮಗ್ಗಿಗಳನ್ನು ತಮ್ಮ ಒಡಲಲ್ಲಿಯೇ ಇಟ್ಟುಕೊಂಡು ಹುಟ್ಟಿವೆ. ಇವಕ್ಕೆ ಫಂಕ್ಷನ್ ಎಂದು ಹೆಸರು. ಪ್ರೋಗ್ರಾಮ್ ಬರೆಯುವ ತರುಣನು ವರ್ಗಮೂಲ ತೆಗೆಯುವ ಕ್ರಮವನ್ನು ಅರಿತಿರಬೇಕಿಲ್ಲ; ಹೆಸರು ಹಿಡಿದು ಕರೆದರೆ ಉತ್ತರ ಬಂದು ನಿಲ್ಲುತ್ತದೆ.

ಅಂತರಜಾಲದ ಪುಟಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ರಚಿಸಿದರು. ಮೊದಲ ರೂಪವು ಹತ್ತೇ ದಿನಗಳಲ್ಲಿ ಸಿದ್ಧವಾಯಿತಂತೆ. ಅದರ ಗಣಿತ ಫಂಕ್ಷನ್‌ಗಳೆಲ್ಲ 'ಮ್ಯಾಥ್' ಎಂಬ ಒಂದೇ ಸೂರಿನಡಿ ವಾಸವಾಗಿವೆ. ನಮ್ಮ ಮಠಗಳ ನಾಮಫಲಕಗಳ ಮೇಲೆ ಮಠ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಯಾವ ನಾಲ್ಕು ಅಕ್ಷರಗಳು ಬರುತ್ತವೆಯೋ ಅವೇ ನಾಲ್ಕು ಅಕ್ಷರಗಳು ಇಲ್ಲಿಯೂ ಇವೆ. ಮೊದಲ ಸಲ ತೆರೆಯ ಮೇಲೆ ಅದನ್ನು ಕಂಡಾಗ ನಮಗೆ ನಗೆ ಬಂದಿತು.

ಈ ವಿಷಯವನ್ನು ನಾವು ಹವ್ಯಾಸಕ್ಕಾಗಿ ಕಲಿಯಲು ಹೋದವರಲ್ಲ. ನಮ್ಮ ಪರಿಚಯದ ಒಂದು ಮಠದಲ್ಲಿ 2023ರಲ್ಲಿ ಎದ್ದ ಒಂದು ಸಂಶಯವು ನಮ್ಮನ್ನು ಅಲ್ಲಿಗೆ ಎಳೆಯಿತು. ಆ ಮಠದಲ್ಲಿ 412 ಜನ ಭಕ್ತರು ತಲಾ ಐದು ಸಾವಿರ ರೂಪಾಯಿಗಳ ಶಾಶ್ವತ ನಿಧಿಯನ್ನು ಇರಿಸಿದ್ದರು. ಶೇಕಡಾ ಏಳರಂತೆ ಒಬ್ಬೊಬ್ಬರ ಹೆಸರಿನಲ್ಲಿ ವರ್ಷಕ್ಕೆ 350 ರೂಪಾಯಿ ಬಡ್ಡಿ. ಅದು ದಾಸೋಹ, ವಿದ್ಯಾರ್ಥಿ ನಿಲಯ, ಗೋಶಾಲೆ ಎಂಬ ಮೂರು ಬಾಬುಗಳಿಗೆ ಸಮನಾಗಿ ಸಲ್ಲಬೇಕು. ನಿಲಯದಲ್ಲಿಯೇ ಓದಿ ಇಂಜಿನಿಯರಾದ ತರುಣನೊಬ್ಬನು ಭಕ್ತಿಯಿಂದ, ಬಿಡಿಗಾಸೂ ಮುಟ್ಟದೆ, ಪ್ರತಿಯೊಬ್ಬ ದಾನಿಯೂ ತನ್ನ ಸೇವೆಯ ವಿವರವನ್ನು ನೋಡುವಂತಹ ಪುಟವೊಂದನ್ನು ಮಾಡಿಕೊಟ್ಟನು. ಆ ಪುಟದ ಕೊನೆಯ ಮೊತ್ತ 1,44,612 ರೂಪಾಯಿ. ಮಠದ ಗುಮಾಸ್ತರ ಕೈಬರಹದ ಕೀರ್ದಿಯಲ್ಲಿ 1,44,200 ರೂಪಾಯಿ.

ನಾನೂರ ಹನ್ನೆರಡು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಯಂತ್ರ ಸುಳ್ಳು ಹೇಳದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಮೂವತ್ತು ವರ್ಷಗಳಿಂದ ಆ ಕೀರ್ದಿಯನ್ನು ಬರೆಯುತ್ತಿದ್ದ ಗುಮಾಸ್ತರ ಕಡೆಗೆ ಕೆಲವರು ಬೇರೆ ಬಗೆಯಾಗಿ ನೋಡತೊಡಗಿದರು. ಬಾಯಿಬಿಟ್ಟು ಯಾರೂ ಆಡಲಿಲ್ಲ. ಆಡಿದ್ದರೆ ಅವರಿಗೆ ಉತ್ತರ ಕೊಡುವ ಅವಕಾಶವಾದರೂ ಇರುತ್ತಿತ್ತು. ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಬಸವಣ್ಣನವರ ಮೇಲೆಯೇ ಇಂತಹ ಸಂಶಯ ಬಂದುದನ್ನೂ, ಎಣಿಸಿ ನೋಡಿದಾಗ ಭಂಡಾರವು ತುಂಬಿಯೇ ಇದ್ದುದನ್ನೂ ಪುರಾಣದಲ್ಲಿ ಕೇಳಿದ ಜನವೇ ನಮ್ಮದು. ಆದರೂ ಹೀಗೆ.

ಸಿದ್ಧಾಂತ ಗಣಿತವನ್ನು ಅಷ್ಟಿಷ್ಟು ಓದಿದವರೆಂದು ತಪಾಸಣೆಗೆ ನಮ್ಮನ್ನೂ ಕೂಡಿಸಿದರು. ಗೂಢವನ್ನು ಬಿಡಿಸಿದವರು ಮಾತ್ರ ಗುಮಾಸ್ತರೇ. ವ್ಯತ್ಯಾಸದ ಮೊತ್ತವೂ ದಾನಿಗಳ ಸಂಖ್ಯೆಯೂ ಒಂದೇ ಆಗಿರುವುದನ್ನು ಅವರು ಬೆರಳಿಟ್ಟು ತೋರಿಸಿದರು. "ನಾ ಮೊದಲ ಕೂಡಿಸಿ ಆಮ್ಯಾಲೆ ಹಂಚತೀನ್ರಿ ಶಾಸ್ತ್ರಿಗಳ, ಇವರು ಮೊದಲ ಹಂಚಿ ಆಮ್ಯಾಲೆ ಕೂಡಿಸ್ಯಾರ" ಎಂದರು. ಅಷ್ಟೇ ವಿಷಯ. 350ನ್ನು ಮೂರರಿಂದ ಭಾಗಿಸಿದರೆ 116 ರೂಪಾಯಿ 66 ಪೈಸೆ, ಮುಂದೆಯೂ ಮುಗಿಯದ ಆರುಗಳು. ತರುಣನು ಇದನ್ನು ಪೂರ್ಣ ರೂಪಾಯಿಗೆ ತರಲು 'ಮ್ಯಾಥ್.ರೌಂಡ್' ಎಂಬ ಫಂಕ್ಷನ್ ಬಳಸಿದ್ದನು. ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಭಾಗವಿದ್ದರೆ ಅದು ಮೇಲಕ್ಕೇರಿಸುತ್ತದೆ. ಆದುದರಿಂದ 117, ಮೂರು ಬಾಬುಗಳಿಗೆ 351. ಪ್ರತಿ ದಾನಿಯ ಹೆಸರಿನಲ್ಲಿ, ಎಲ್ಲಿಯೂ ಇಲ್ಲದ ಒಂದು ರೂಪಾಯಿ ಹುಟ್ಟಿಕೊಂಡಿತು. 'ಮ್ಯಾಥ್.ಫ್ಲೋರ್' ಬಳಸಿದ್ದರೆ ಅದು ಹೆಸರಿಗೆ ತಕ್ಕಂತೆ ನೆಲಕ್ಕಿಳಿಸಿ 116 ಎನ್ನುತ್ತಿತ್ತು. ಆಗ ಪ್ರತಿಯೊಬ್ಬರದೂ ಎರಡು ರೂಪಾಯಿ ಮಾಯವಾಗಿ, 824 ರೂಪಾಯಿ ಕಡಿಮೆ ಬರುತ್ತಿತ್ತು. ಗುಮಾಸ್ತರ ಗತಿ ಏನಾಗುತ್ತಿತ್ತೋ!

ಅಂದಿನಿಂದ ನಾವು ಆ ತರುಣನ ಬಳಿ ಕುಳಿತು ಈ ಫಂಕ್ಷನ್‌ಗಳನ್ನು ಒಂದೊಂದಾಗಿ ಕೇಳಿ ತಿಳಿದೆವು. ಇವುಗಳಲ್ಲಿ ಎರಡು ಜಾತಿಗಳಿವೆ ಎಂಬುದು ನಮ್ಮ ಅಭಿಪ್ರಾಯ. ಕೆಲವು ಸತ್ಯವನ್ನು ಹೇಳುತ್ತವೆ. ಕೆಲವು ಯಾರೋ ಮಾಡಿದ ತೀರ್ಮಾನವನ್ನು ಹೇಳುತ್ತವೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ವೇಷದಲ್ಲಿರುತ್ತವೆ.

'ಮ್ಯಾಥ್.ಸೈನ್' ಮೊದಲನೆಯ ಜಾತಿಯದು. ಇದರ ಹೆಸರಿನಲ್ಲಿಯೇ ನಮ್ಮ ನೆಲದ ಕಥೆಯಿದೆ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ ಅಥವಾ ಜೀವಾ ಎನ್ನುತ್ತಾರೆ. ಅರಬ್ಬರು ಈ ಮಾತನ್ನು ಜೀಬ ಎಂದು ಉಳಿಸಿಕೊಂಡರು. ಸ್ವರಗಳನ್ನು ಬರೆಯದ ಅವರ ಲಿಪಿಯಲ್ಲಿ ಅದನ್ನೇ ಮುಂದಿನವರು ಜೈಬ್ ಎಂದು ಓದಿದರು. ಜೈಬ್ ಎಂದರೆ ಉಡುಪಿನ ಮಡಿಕೆ. ಹನ್ನೆರಡನೆಯ ಶತಮಾನದಲ್ಲಿ ಯುರೋಪಿನ ಅನುವಾದಕರು ಅದೇ ಅರ್ಥದ ಸೈನಸ್ ಎಂಬ ಲ್ಯಾಟಿನ್ ಶಬ್ದವನ್ನು ಹಾಕಿದರು. ಕಲ್ಯಾಣದಲ್ಲಿ ಶರಣರು ಬಾಳಿದ ಶತಮಾನವೂ ಅದೇ. ಈ ಫಂಕ್ಷನ್ ಅಂಶಗಳನ್ನು ಒಪ್ಪುವುದಿಲ್ಲ. ಮೂವತ್ತು ಅಂಶವೆಂದು ಭಾವಿಸಿ 30 ಎಂದು ಕೊಟ್ಟರೆ ಅರ್ಧದ ಬದಲು ಋಣ 0.988 ಎಂಬ ವಿಚಿತ್ರ ಉತ್ತರ ಬರುತ್ತದೆ. ವೃತ್ತದ ತ್ರಿಜ್ಯೆಯಷ್ಟೇ ಉದ್ದದ ಕಂಸವು ಮಾಡುವ ಕೋನವೇ ಅದರ ಅಳತೆ. ಅದಕ್ಕೆ ರೇಡಿಯನ್ ಎನ್ನುವರು. ಕಲೆಗಳಲ್ಲಿ ಹೇಳುವುದಾದರೆ ಅದು 3437 ಮುಕ್ಕಾಲು. ಕ್ರಿ.ಶ. 499ರ ಆರ್ಯಭಟನು ತನ್ನ ಜ್ಯಾ ಪಟ್ಟಿಗೆ ಆರಿಸಿಕೊಂಡ ತ್ರಿಜ್ಯೆ 3438 ಕಲೆ! ಪಾಠಶಾಲೆಯಲ್ಲಿ ಈ ಸಂಖ್ಯೆಯನ್ನು ಉರು ಹೊಡೆದಾಗ ಅದೇಕೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾರೆ. ವರ್ಗಮೂಲದ ಫಂಕ್ಷನ್‌ಗೆ ಋಣ ಒಂದನ್ನು ಕೊಟ್ಟು ನೋಡಿದೆವು. 'ಇದು ಸಂಖ್ಯೆಯಲ್ಲ' ಎಂಬ ಅರ್ಥದ ಉತ್ತರ ಬಂದಿತು.

ಇಂತಹವು ಎಲ್ಲಿ ಕೇಳಿದರೂ ಒಂದೇ ಉತ್ತರ ಕೊಡುತ್ತವೆ. ರೌಂಡ್ ಹಾಗಲ್ಲ. ಎರಡೂವರೆಯನ್ನು ಕೊಟ್ಟರೆ ಜಾವಾಸ್ಕ್ರಿಪ್ಟ್ ಮೂರು ಎನ್ನುತ್ತದೆ. ಋಣ ಎರಡೂವರೆಯನ್ನು ಕೊಟ್ಟರೆ ಋಣ ಎರಡು ಎನ್ನುತ್ತದೆ. ಪಿಎಚ್‌ಪಿ ಎಂಬ ಇನ್ನೊಂದು ವೆಬ್ ಭಾಷೆಯ ರೌಂಡ್ ಋಣ ಮೂರು ಎನ್ನುತ್ತದೆ. ಯಾವುದೂ ತಪ್ಪಲ್ಲ, ಒಂದೊಂದರದು ಒಂದೊಂದು ಕಟ್ಟಳೆ. ಆದರೆ ಲೆಕ್ಕಪತ್ರದಲ್ಲಿ ಇದರ ಫಲವನ್ನು ಗಮನಿಸಬೇಕು. ಜಮಾ ಮಾಡಿದ ಎರಡೂವರೆ ರೂಪಾಯಿಯನ್ನು ಮರುದಿನ ರದ್ದು ಮಾಡಿದರೆ, ಎರಡು ನಮೂದುಗಳನ್ನೂ ಜಾವಾಸ್ಕ್ರಿಪ್ಟ್‌ನ ರೌಂಡ್‌ಗೆ ಒಪ್ಪಿಸಿದವನ ಪುಸ್ತಕದಲ್ಲಿ ಒಂದು ರೂಪಾಯಿ ಉಳಿದೇ ಇರುತ್ತದೆ.

ಪೈಸೆಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸಲು 0.1 ಮತ್ತು 0.2 ಎಂದು ಬರೆದರೆ ಈ ಭಾಷೆಯು 0.30000000000000004 ಎನ್ನುತ್ತದೆ. ನಮಗೆ ಮೂರನೆಯ ಒಂದು ಭಾಗವು ದಶಮಾಂಶದಲ್ಲಿ ಹೇಗೆ ಮುಗಿಯದೋ, ಎರಡೇ ಅಂಕಿಗಳಲ್ಲಿ ಎಣಿಸುವ ಯಂತ್ರಕ್ಕೆ ಹತ್ತನೆಯ ಒಂದು ಭಾಗವು ಹಾಗೆಯೇ ಮುಗಿಯದು. ಪರಿಹಾರ ಸುಲಭ. ರೂಪಾಯಿ ಬಿಟ್ಟು ಎಲ್ಲವನ್ನೂ ಪೈಸೆಗಳಲ್ಲಿ, ಪೂರ್ಣಾಂಕಗಳಾಗಿಯೇ ಇಡಬೇಕು. 9,00,71,99,25,47,40,991ರವರೆಗಿನ ಪೂರ್ಣಾಂಕಗಳನ್ನು ಈ ಭಾಷೆ ಚಾಚೂ ತಪ್ಪದೆ ಹಿಡಿಯುತ್ತದೆ. ರೂಪಾಯಿಗೆ ತಿರುಗಿಸಿದರೆ ತೊಂಬತ್ತು ಲಕ್ಷ ಕೋಟಿಯಾಯಿತು. ಯಾವ ಮಠಕ್ಕಾದರೂ ಸಾಕು.

ತರುಣನು ಪುಟವನ್ನು ತಿದ್ದಿದನು. ಈಗ ದಾನಿಗೆ ಆತನ 350 ರೂಪಾಯಿ ಮಾತ್ರ ಕಾಣುತ್ತದೆ. ಹಂಚಿಕೆಯು ಒಟ್ಟು ಮೊತ್ತದ ಮೇಲೆ, ಗುಮಾಸ್ತರ ಕ್ರಮದಂತೆಯೇ ಒಮ್ಮೆ ಮಾತ್ರ ನಡೆಯುತ್ತದೆ. 1,44,200ನ್ನು ಮೂರರಿಂದ ಭಾಗಿಸಿ ನೆಲಕ್ಕಿಳಿಸಿದರೆ ತಲಾ 48,066. ಶೇಷ ಎರಡು ರೂಪಾಯಿ. ಈ ಎರಡು ರೂಪಾಯಿ ಎಲ್ಲಿಗೆ ಸಲ್ಲಬೇಕೆಂಬುದನ್ನು ಹೇಳುವ ಫಂಕ್ಷನ್ ಮಾತ್ರ ಯಾವ ಭಾಷೆಯಲ್ಲಿಯೂ ಇಲ್ಲ. ಅದು ಸಭೆಯ ಮುಂದೆ ಬಂದಿತು. ಗುಮಾಸ್ತರು ಈವರೆಗೆ ಅದನ್ನು ದಾಸೋಹಕ್ಕೇ ಬರೆಯುತ್ತಿದ್ದರೆಂದು ಹಳೆಯ ಕೀರ್ದಿಗಳು ಹೇಳಿದವು. ಹಾಗೆಯೇ ಮುಂದುವರಿಯಲೆಂದು ನಿರ್ಣಯವಾಯಿತು. ಅವರ ಕಡೆಗೆ ಓರೆಗಣ್ಣಿನಿಂದ ನೋಡಿದ್ದ ಹಿರಿಯರೊಬ್ಬರೇ ಎದ್ದು, ನಿರ್ಣಯ ಪುಸ್ತಕದಲ್ಲಿ ಗುಮಾಸ್ತರ ಹೆಸರನ್ನೂ ಕಾಣಿಸಬೇಕೆಂದು ಕೇಳಿದರು. ಇನ್ನೊಬ್ಬರು ಮಾತ್ರ ಶೇಷವು ನಿಲಯದ ಮಕ್ಕಳಿಗೆ ಸಲ್ಲಬೇಕೆಂಬ ವಾದವನ್ನು ಬಿಟ್ಟಿಲ್ಲ. ಪ್ರತಿವರ್ಷವೂ ಆ ಎರಡು ರೂಪಾಯಿಯ ಮೇಲೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಗುಮಾಸ್ತರು ಅದನ್ನೂ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.