ಹೊಸಕೋಟೆಯಲ್ಲಿ ಬೆಳಕು ಎಣಿಸುವ ಕೆಲಸ

ಬೆಂಗಳೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಸಿಗುವ ಊರು ಹೊಸಕೋಟೆ. ಅಲ್ಲಿಂದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದತ್ತ ಸಾಗುವ ರಸ್ತೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ 'ಕ್ರೆಸ್ಟ್' ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಇಲ್ಲಿ ಕುಳಿತೇ ನಡೆಸುತ್ತಾರೆಂದರೆ ಆಶ್ಚರ್ಯವಾಗಬಹುದು!

ಅದು 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ. 2000ದ ಸೆಪ್ಟೆಂಬರ್‌ನಲ್ಲಿ ಅದು ಮೊದಲ ಬಾರಿಗೆ ಆಕಾಶ ನೋಡಿತು. ಕನ್ನಡಿ ಬೆಳಕನ್ನು ಕೂಡಿಸುತ್ತದೆ. ಎಣಿಸುವುದು ಮಾತ್ರ ಡಿಟೆಕ್ಟರ್. ಅಲ್ಲಿನ ಒಂದು ಉಪಕರಣದ ಸಿಸಿಡಿ ಬಿಲ್ಲೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ ಅಷ್ಟೆ. ಅದರೊಳಗೆ 2048 ಅಡ್ಡಸಾಲು, 4096 ಉದ್ದಸಾಲುಗಳಲ್ಲಿ ಸುಮಾರು 84 ಲಕ್ಷ ಚೌಕುಳಿಗಳಿವೆ. ಒಂದೊಂದರ ಅಗಲ 0.015 ಮಿಲಿಮೀಟರ್.

ಚೌಕುಳಿಗೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅಲ್ಲೇ ಶೇಖರವಾಗುತ್ತವೆ. ಮನೆಯ ತಾರಸಿ ಹಾಕುವಾಗ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ? ಹಾಗೆಯೇ ಈ ಎಲೆಕ್ಟ್ರಾನುಗಳೂ ಚೌಕುಳಿಯಿಂದ ಚೌಕುಳಿಗೆ ದಾಟಿ, ಕೊನೆಯಲ್ಲಿ ಎಣಿಕೆಯಾಗುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡ ಉಪಾಯವಿದು. 2009ರಲ್ಲಿ ಇದಕ್ಕೆ ನೊಬೆಲ್ ಪಾರಿತೋಷಕ ಬಂತು.

ಆದರೆ ಶಾಖವೂ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಆಗ ಬೆಳಕೇ ಇಲ್ಲದಿದ್ದರೂ ಲೆಕ್ಕ ಏರುತ್ತದೆ! ಅದಕ್ಕೇ ಬಿಲ್ಲೆಯನ್ನು ದ್ರವ ಸಾರಜನಕದಿಂದ ತಂಪಾಗಿಡುತ್ತಾರೆ. ಎಂಜಿನಿಯರ್ ಮೊದಲು ತೆಗೆಯುವುದು ನಕ್ಷತ್ರದ ಚಿತ್ರವನ್ನಲ್ಲ, ಬರೀ ಕತ್ತಲೆಯ ಚಿತ್ರವನ್ನು. ಆಮೇಲೆ ಎಲ್ಲೆಡೆ ಸಮನಾದ ಬೆಳಕಿನ ಚಿತ್ರ. ಯಾವ ಚೌಕುಳಿ ಸುಳ್ಳು ಹೇಳುತ್ತದೆ, ಎಷ್ಟು ಹೇಳುತ್ತದೆ ಎಂಬುದು ಇವುಗಳಿಂದ ತಿಳಿಯುತ್ತದೆ.

ಕ್ರೆಸ್ಟ್ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಧೂಳು ಸುಳಿಯದ ಕೋಣೆಗಳಿವೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಸಿದ್ಧವಾದದ್ದು ಇಲ್ಲಿ. ಬೆರಳಿನ ಜಿಡ್ಡಿನ ತೆಳುಪದರ ಸಾಕು, ನೇರಳಾತೀತ ಕಿರಣ ಅಲ್ಲೇ ಹೀರಿಹೋಗುತ್ತದೆ. ಸೂರ್ಯನ ಪ್ರಭಾವಲಯ ನೋಡುವ ಉಪಕರಣವನ್ನೂ ಇಲ್ಲೇ ಜೋಡಿಸಿ, 2023ರ ಜನವರಿ 26ರಂದು ಇಸ್ರೋಗೆ ಒಪ್ಪಿಸಲಾಯಿತು. ಆದಿತ್ಯ-ಎಲ್1 ನೌಕೆಯೊಂದಿಗೆ ಅದು ಈಗ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಕೆಟ್ಟರೆ ಹೋಗಿ ತಿರುಪು ಬಿಗಿ ಮಾಡುವವರು ಯಾರು? ನೆಲದ ಮೇಲೆ ತಪ್ಪಿದ ಅಳತೆ ಅಲ್ಲಿ ತಪ್ಪಾಗಿಯೇ ಉಳಿಯುತ್ತದೆ.

ಇಂಥ ಕೆಲಸಕ್ಕೆ ಅರ್ಜಿ ಹಾಕುವವರು ಇದನ್ನು ಮನಸ್ಸಿನಲ್ಲಿಡಬೇಕು. ಇಸ್ರೋದ ಎಂಜಿನಿಯರ್ ಹುದ್ದೆಗೆ ಬಿ.ಇ.ಯಲ್ಲಿ ಶೇಕಡಾ 65 ಅಂಕ, ಲಿಖಿತ ಪರೀಕ್ಷೆ, ಸಂದರ್ಶನ ಎಂಬ ಮೆಟ್ಟಿಲುಗಳಿವೆ. ಖಭೌತ ಸಂಸ್ಥೆ ತನ್ನ ಹುದ್ದೆಗಳಿಗೆ ಬೇರೆಯೇ ಜಾಹೀರಾತು ಕೊಡುತ್ತದೆ. ಅಂಕಗಳು ಬಾಗಿಲವರೆಗೆ ಕರೆದೊಯ್ಯುತ್ತವೆ. ಒಳಗೆ ಬೇಕಾಗುವುದು ತಾನೇ ಕೈಯಾರೆ ಅಳೆದ ಒಂದು ಅಳತೆ, ಅದರಲ್ಲಿರುವ ತಪ್ಪು ಎಷ್ಟೆಂಬ ಅರಿವು.

ಇದಕ್ಕೆ ಹಾನ್ಲೆಗೆ ಹೋಗಬೇಕಾಗಿಲ್ಲ. ಸಂಸ್ಕರಿಸದ ಚಿತ್ರ ಕೊಡುವ ಸಾಧಾರಣ ಕ್ಯಾಮೆರಾ ಸಾಕು. ಮುಚ್ಚಳ ಹಾಕಿ ತೆಗೆದ ಚಿತ್ರ ನಿಜಕ್ಕೂ ಕಪ್ಪಗಿದೆಯೇ ನೋಡಿ. ಬೆಳಕನ್ನು ನಾಲ್ಕು ಪಟ್ಟು ಮಾಡಿದರೆ ಎಣಿಕೆಯ ಏರುಪೇರು ಎರಡು ಪಟ್ಟಾಗಬೇಕು, ಆಯಿತೇ? ಆಗದಿದ್ದರೆ ಏಕೆ? ಹೀಗೆ ಒಂದು ತಿಂಗಳು ಬರೆದಿಟ್ಟ ನೋಟುಪುಸ್ತಕ, ಅರ್ಜಿಯೊಂದಿಗೆ ಲಗತ್ತಿಸುವ ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ಮಾತಾಡುತ್ತದೆ.

ಹುದ್ದೆಗಳು ಕಡಿಮೆ, ಅರ್ಜಿಗಳು ಬಹಳ ಎಂದು ಪೋಷಕರು ಅಳುಕುವುದು ಸಹಜ. ಆದರೆ ಈ ವಿದ್ಯೆ ಒಂದೇ ಬಾಗಿಲಿನ ಮನೆಯಲ್ಲ. ಆಸ್ಪತ್ರೆಯ ಡಿಜಿಟಲ್ ಎಕ್ಸ್-ರೇ, ವಿಮಾನ ನಿಲ್ದಾಣದ ಸಾಮಾನು ತಪಾಸಣೆಯ ಯಂತ್ರ, ಜೇಬಿನಲ್ಲಿರುವ ಮೊಬೈಲಿನ ಕ್ಯಾಮೆರಾ, ಎಲ್ಲದರಲ್ಲೂ ಇಂಥ ಚೌಕುಳಿಗಳ ಸಾಲೇ ಇದೆ. ಕತ್ತಲೆಯನ್ನು ಸರಿಯಾಗಿ ಅಳೆಯಬಲ್ಲವರು ಅಲ್ಲೆಲ್ಲ ಬೇಕು.