ಕಾರಿನಡಿಯ ಸಂಧಿ

ಲೋಪ, ಆಗಮ, ಆದೇಶವೆಂದು ಮೂರು ಬಗೆಯ ಸಂಧಿಗಳನ್ನು ಹುಡುಗರಿಗೆ 20 ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದೇನೆ. ನಾಲ್ಕನೆಯದೊಂದು ನನ್ನ ಹಳೆಯ ಮಾರುತಿ 800ರ ಅಡಿಯಲ್ಲಿತ್ತು.

ಅಮ್ಮನಿಗೆ ಮೊಣಕಾಲಿನ ಸಂಧಿನೋವು. ತಗ್ಗಿನ ಸೀಟಿನಿಂದ ಏಳಲು ಪಡುವ ಪಾಡು ನೋಡಲಾರದೆ, ಮೆಕ್ಯಾನಿಕ್ಕನಿಂದ ಸ್ಪ್ರಿಂಗುಗಳಿಗೆ ಬಿಲ್ಲೆ ಕೊಡಿಸಿ ಕಾರನ್ನು ಒಂದಂಗುಲ ಎತ್ತರಿಸಿದೆ. ಅಮ್ಮ ಸಲೀಸಾಗಿ ಕುಳಿತಳು. ಆದರೆ ರಸ್ತೆಯುಬ್ಬು ಬಂದಾಗಲೆಲ್ಲ ಮುಂದಿನ ಚಕ್ರದ ಬಳಿ ಕಿರ್ರೆಂಬ ನರಳಾಟ.

"ನನ್ನ ಕಾಲುನೋವು ಅದಕ್ಕೂ ಅಂಟಿತೇನೋ" ಎಂದಳು. ಮರುವಾರ ದೇವಸ್ಥಾನಕ್ಕೆ ಬರಲೊಲ್ಲೆನೆಂದು ಕುಳಿತುಬಿಟ್ಟಳು.

ಭಾನುವಾರ ನಾನೇ ಸ್ಪ್ಯಾನರು ಹಿಡಿದೆ. ಚಕ್ರವನ್ನು ಹಿಡಿದ ತೋಳು ಕಾರಿನ ಒಡಲಿಗೆ ಸೇರುವಲ್ಲಿ ರಬ್ಬರಿನ ಬುಷ್ ಇರುತ್ತದೆ. ಬಾಗಿಲ ಕೀಲಿನಂತೆ ಅದು ತಿರುಗುವುದೆಂದೇ ತಿಳಿದಿದ್ದೆ. ಅಲ್ಲ, ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿದೆ, ಕೊಳವೆಯನ್ನು ಬೋಲ್ಟು ಬಿಗಿಹಿಡಿದಿದೆ. ತೋಳು ಆಡಿದಷ್ಟೂ ರಬ್ಬರು ತಿರುಚಿಕೊಳ್ಳಬೇಕು. ಚಕ್ರ ಜೋತಾಡುತ್ತಿದ್ದಾಗಲೇ ಬೋಲ್ಟು ಬಿಗಿದಿದ್ದರಿಂದ, ಕಾರು ನೆಲಕ್ಕಿಳಿದ ಕ್ಷಣದಿಂದ ಪಾಪ, ಅದು ಮೈ ತಿರುಚಿಕೊಂಡೇ ನಿಂತಿತ್ತು.

ಚಕ್ರಗಳಡಿ ದಪ್ಪ ಹಲಗೆಗಳನ್ನಿಟ್ಟು ಜ್ಯಾಕ್ ತೆಗೆದೆ. (ಬರಿಯ ಜ್ಯಾಕನ್ನು ನಂಬಿ ಕಾರಿನಡಿ ನುಸುಳುವ ಸಾಹಸ ಬೇಡ.) ಭಾರವೆಲ್ಲ ಚಕ್ರಗಳ ಮೇಲೆ ಕುಳಿತ ಮೇಲೆ ಬೋಲ್ಟು ಸಡಿಲಿಸಿದೆ. ಟಕ್ಕೆಂದಿತು. ಕಾರಿನ ಮೂತಿಯನ್ನು ನಾಲ್ಕಾರು ಸಲ ಒತ್ತಿಬಿಟ್ಟು, ಅದು ತನ್ನ ಹೊಸ ಎತ್ತರದಲ್ಲಿ ನೆಲೆನಿಂತ ಮೇಲೆ ಮತ್ತೆ ಬಿಗಿದೆ.

ಸಂಜೆ ಅಮ್ಮನನ್ನು ಒಪ್ಪಿಸಿ ಕೂರಿಸಿಕೊಂಡು ಹೊರಟೆ. ಮೊದಲ ಉಬ್ಬು ದಾಟಿತು. ಕಿವಿಗೊಟ್ಟು ಕೇಳಿದಳು.

"ಇನ್ನೊಂದು ಬರಲಿ, ನೋಡೋಣ" ಎಂದಳು.